ಪಟೇಲಮ್ಮನ ಪೌತಿ ಖಾತೆ

ನಮ್ಮ ಭಾವನಿಗೆ ಮನುಷ್ಯರ ಗುರುತು ಹತ್ತುವುದಿಲ್ಲ. ಚಿರತೆಗಳ ಗುರುತು ಮಾತ್ರ ಹತ್ತುತ್ತದೆ! ಹೊಟ್ಟೆಕಿಚ್ಚಿಗೆ ಹೇಳುತ್ತಿದ್ದೇನೆ ಅಂದುಕೊಳ್ಳಬೇಡಿ, ಅನುಭವದಿಂದ ಹೇಳುತ್ತಿದ್ದೇನೆ. ಕಳೆದ ಶ್ರಾವಣದಲ್ಲಿ ಸಿದ್ಧಾರ್ಥನಗರದ ಒಂದು ಮದುವೆಯಲ್ಲಿ ಅವರ ಎದುರಿಗೇ ನಿಂತು ಕೈಮುಗಿದೆ. ವಾಲಗದ ಗದ್ದಲದಲ್ಲಿ ಮಾತು ಕೇಳುವಂತಿರಲಿಲ್ಲ, ಅದಕ್ಕೇ ಬಾಯಿತುಂಬ ನಕ್ಕೆ. ಭಾವ ನನ್ನನ್ನು ನೆತ್ತಿಯಿಂದ ಚಪ್ಪಲಿಯವರೆಗೆ ನೋಡಿ, ಬಲು ಮರ್ಯಾದೆಯಿಂದ, "ತಾವು ಗಂಡಿನ ಕಡೆಯವರೋ, ಹೆಣ್ಣಿನ ಕಡೆಯವರೋ?" ಎಂದು ಕೇಳಿದರು.

ನಲವತ್ತಾರು ವರ್ಷದಿಂದ ಅವರ ಮನೆಯ ಒಬ್ಬಟ್ಟು ತಿನ್ನುತ್ತಿರುವ ಖಾಸಾ ಬಾಮೈದ ನಾನು! ಅವರು ತಾಳಿ ಕಟ್ಟಿದ್ದು ನಮ್ಮಕ್ಕನಿಗೆ! ಅದೇ ಭಾವ, ಕಾಡಿನಲ್ಲಿ ನೂರು ಮಾರು ದೂರದ ಪೊದೆಯಿಂದ ಒಂದು ಗೇಣು ಬಾಲ ಹೊರಗೆ ಬಂದರೆ ಸಾಕು, "ಇವಳು ಅಮ್ಮಣ್ಣಿ. ಪಟೇಲಮ್ಮನ ಎರಡನೇ ಸೂಲಿನ ಮಗಳು. ಒಸಿ ಸಿಡುಕಿ" ಎಂದು ವಂಶಾವಳಿ ಒಪ್ಪಿಸಿದ್ದನ್ನು ಈ ಕಿವಿಯಾರೆ ಕೇಳಿದ್ದೇನೆ. ನನಗೂ ಒಂದು ಬಾಲ ಇದ್ದಿದ್ದರೆ ಮದುವೆಮನೆಯಲ್ಲಿ ಮಾನ ಉಳಿಯುತ್ತಿತ್ತು. ಈ ಕತೆಯನ್ನು ನಾನು ಕೈಕಾಲು ಸೇರಿಸಿ ನೆಂಟರಿಷ್ಟರಿಗೆಲ್ಲ ಹೇಳಿ ನಗಿಸಿದೆ ಅಂತ ಬೇರೆ ಹೇಳಬೇಕಾಗಿಲ್ಲವಲ್ಲ?

ನಾನು ಯಾರು ಅಂತಲೂ ಹೇಳಿಬಿಡುತ್ತೇನೆ. ನಿವೃತ್ತ ಡ್ರಿಲ್ ಮೇಷ್ಟ್ರು. ಹೆಡ್‌ಮಾಸ್ಟರ ಛತ್ರಿಯೊಳಗೆ ಸೀಮೆಸುಣ್ಣದ ಪುಡಿ ತುಂಬಿಸಿಟ್ಟು, ಮೊದಲ ಮಳೆಗೆ ಅವರು ಅದನ್ನು ಬಿಚ್ಚುವ ಗಳಿಗೆಗಾಗಿ ಎರಡು ತಿಂಗಳು ತಪಸ್ಸು ಮಾಡಿದವನು. ತಮಾಷೆ ಯಾರು ಬೇಕಾದರೂ ಮಾಡುತ್ತಾರೆ ಸ್ವಾಮಿ, ಕಾಯುವುದು ಎಲ್ಲರ ಕೈಲಾಗುವುದಿಲ್ಲ.

ಭಾವ ತಾಲ್ಲೂಕು ಕಚೇರಿಯಲ್ಲಿ ಕಂದಾಯ ನಿರೀಕ್ಷಕರಾಗಿದ್ದವರು. ಯಾರ ಹೊಲ ಎಲ್ಲಿಂದ ಎಲ್ಲಿಗೆ, ಅಪ್ಪ ಸತ್ತ ಮೇಲೆ ಅದು ಯಾವ ಮಗನಿಗೆ, ಬದು ಒತ್ತಿದವರು ಯಾರು ಎಂಬುದನ್ನೇ ಮೂವತ್ನಾಲ್ಕು ವರ್ಷ ಮುತ್ತಿನಂಥ ಅಕ್ಷರದಲ್ಲಿ ಬರೆದು ಬರೆದು ಬೆನ್ನು ಬಾಗಿಸಿಕೊಂಡರು. ನಿವೃತ್ತಿಯ ದಿನ ಜೊತೆಯವರೆಲ್ಲ ಸೇರಿ ಅವರನ್ನು ನಾಗರಹೊಳೆಗೆ ಸಫಾರಿಗೆ ಕರೆದುಕೊಂಡು ಹೋದರಂತೆ. ಕಬಿನಿ ಹಿನ್ನೀರಿನ ಪಕ್ಕ ಒಂದು ಮರದ ಮೇಲೆ ಚಿರತೆ ಮಲಗಿತ್ತು. ಬಸ್ಸಿನಲ್ಲಿದ್ದವರೆಲ್ಲ "ಚಿರತೆ! ಚಿರತೆ!" ಎಂದು ಪಿಸುಗುಟ್ಟಿದರು. ನಮ್ಮ ಭಾವ ಒಬ್ಬರೇ, "ಯಾವ ಚಿರತೆ?" ಎಂದರು.

"ಯಾವ್ದು ಅಂದ್ರೆ? ಚಿರತೆ ಸಾರ್" ಎಂದ ಗೈಡು.

"ಅದು ಕಾಣುತ್ತೆ ಕಣಪ್ಪ. ಹೆಸರೇನು, ತಾಯಿ ಯಾರು, ಎಷ್ಟು ವರ್ಷದಿಂದ ಸ್ವಾಧೀನದಲ್ಲಿದೆ?"

ಗೈಡು ಬೆಪ್ಪಾದ. ಭಾವನಿಗೆ ಆ ಇಳಿಹೊತ್ತಿನಲ್ಲಿ ಜ್ಞಾನೋದಯವಾಯಿತು. ಇಷ್ಟು ದೊಡ್ಡ ಕಾಡು, ಇಷ್ಟೊಂದು ಜನ ನೆಲೆ ನಿಂತಿದ್ದಾರೆ, ಒಬ್ಬರ ಹೆಸರಿಗೂ ಖಾತೆ ಇಲ್ಲವಲ್ಲ! ಮಾರನೇ ದಿನವೇ ಒಂದು ದಪ್ಪ ರಟ್ಟಿನ ರಿಜಿಸ್ಟರು ತಂದು ಗೀಟು ಎಳೆದರು. ಖಾತೆದಾರರ ಹೆಸರು, ತಾಯಿಯ ಹೆಸರು, ತಂದೆಯ ಹೆಸರು, ಗುರುತಿನ ಚಹರೆ, ಚಕ್ಕುಬಂದಿ, ಸ್ವಾಧೀನ ಬಂದ ಬಗೆ, ಕೊನೆಯಲ್ಲಿ ಷರಾ. ಷರಾ ಎಂದರೆ ಗೊತ್ತಲ್ಲ, ಬೇರೆ ಎಲ್ಲೂ ಹೇಳಲಾಗದ್ದನ್ನು ಸರ್ಕಾರ ಹೇಳಿಕೊಳ್ಳುವ ಜಾಗ. ತಂದೆಯ ಹೆಸರಿನ ಕೆಳಗೆ ಮೇಲಿಂದ ಕೆಳತನಕ ಒಂದೇ ಮಾತು: "ತಿಳಿದುಬಂದಿಲ್ಲ." ಯಾಕೆ ಅಂದರೆ ಗಂಡು ಚಿರತೆಗೆ ಮಕ್ಕಳ ಜವಾಬ್ದಾರಿ ಇಲ್ಲ. ಬರುತ್ತದೆ, ಹೋಗುತ್ತದೆ. ಇದನ್ನು ಓದಿ ನಮ್ಮಕ್ಕ, "ಇದ್ಯಾಕೆ ಕಾಡಿಗೆ ಹೋಗಿ ನೋಡ್ಬೇಕಾಗಿತ್ತು?" ಎಂದು ಕೇಳಿದ್ದಳು.

ಅವತ್ತಿನಿಂದ ವಾರ ಬಿಟ್ಟು ವಾರ, ಗುರುವಾರ ಬಂತೆಂದರೆ ಭಾವ ರಾಮಕೃಷ್ಣನಗರದ ಮನೆಯಲ್ಲಿ ಅಕ್ಕ ಕಟ್ಟಿಕೊಟ್ಟ ಚಿತ್ರಾನ್ನದ ಡಬ್ಬಿ, ಕಂಕುಳಲ್ಲಿ ರಿಜಿಸ್ಟರು ಹಿಡಿದು ಕಾಡಿನ ಕಡೆಯ ಕೋಟೆ ಬಸ್ಸು ಹತ್ತುತ್ತಿದ್ದರು. ಮಧ್ಯಾಹ್ನದ ಸಫಾರಿ ಮುಗಿಸಿ ರಾತ್ರಿ ಊಟಕ್ಕೆ ವಾಪಸ್ಸು. ಕ್ಯಾಮೆರಾ ಇಲ್ಲ. ಚುಕ್ಕೆಗಳನ್ನು ಪೆನ್ಸಿಲಿನಲ್ಲಿ ಬರೆದುಕೊಳ್ಳುವುದು, ಪಕ್ಕದ ಸೀಟಿನವರು ಫೋಟೋ ತೆಗೆದರೆ ಅವರ ಕೈಗೆ ತಮ್ಮ ವಿಳಾಸ ಬರೆದ ಲಕೋಟೆ ಕೊಡುವುದು. ಆಶ್ಚರ್ಯ ಏನೆಂದರೆ ಜನ ಕಳಿಸುತ್ತಿದ್ದರು!

"ನಿಮ್ಮ ಹೆಬ್ಬೆಟ್ಟಿನ ಗುರುತು ಹೆಂಗೆ ಇನ್ನೊಬ್ಬರಿಗಿಲ್ವೋ, ಹಂಗೇ ಒಂದರ ಚುಕ್ಕೆ ಇನ್ನೊಂದಕ್ಕಿಲ್ಲ" ಎನ್ನುತ್ತಿದ್ದರು ಭಾವ. "ಎಡ ಮಗ್ಗುಲೇ ಬೇರೆ, ಬಲ ಮಗ್ಗುಲೇ ಬೇರೆ."

"ನಮಗೆಲ್ಲಾ ಒಂದೇ ತರ ಕಾಣ್ತವಲ್ಲ ಭಾವ."

"ನೋಡಿದ್ರೆ ತಾನೆ ಕಾಣೋದು?"

ಆ ರಿಜಿಸ್ಟರಿನ ಮೊದಲ ಖಾತೆ ಪಟೇಲಮ್ಮನದು. ಅವತ್ತು ಮರದ ಮೇಲೆ ಮಲಗಿದ್ದವಳು ಅವಳೇ. ಚಹರೆ: ಬಲಗಿವಿ ಹರಿದಿದೆ, ಎಡಗಣ್ಣಿನ ಕೆಳಗೆ ಒಲೆಗುಂಡು ಇಟ್ಟ ಹಾಗೆ ಮೂರು ಚುಕ್ಕೆ. ಚಕ್ಕುಬಂದಿ: ಪೂರ್ವಕ್ಕೆ ಹಿನ್ನೀರು, ಪಶ್ಚಿಮಕ್ಕೆ ಸಫಾರಿ ದಾರಿ, ಉತ್ತರಕ್ಕೆ ತೇಗದ ತೋಪು, ದಕ್ಷಿಣಕ್ಕೆ ಹುಲಿಯ ಸರಹದ್ದು (ವಿವಾದದಲ್ಲಿದೆ). ನಡುವೆ ಒಂದು ದೊಡ್ಡ ಮತ್ತಿ ಮರ. ಅದು ಅವಳ ಜಗಲಿ, ಅಡುಗೆಮನೆ, ನಡುಮನೆ ಎಲ್ಲ.

ಭಾವನ ಊರಿನ ಕಡೆಯ ಒಬ್ಬ ಮುದುಕ ಒಮ್ಮೆ ಇವರ ಮನೆಯ ಮೆಟ್ಟಿಲ ಮೇಲೆ ಕೂತು ಈ ಚಕ್ಕುಬಂದಿಯನ್ನೆಲ್ಲ ಕೇಳಿಸಿಕೊಂಡ. ಎಲೆ ಅಡಿಕೆ ಒಂದು ದವಡೆಯಿಂದ ಇನ್ನೊಂದಕ್ಕೆ ಹೊರಳಿಸಿ, "ನಮ್ಮ ಅರ್ಧ ಎಕರೆಗೆ ಸಾಹೇಬ್ರು 'ನಾಳೆ ಬಾ, ನಾಡಿದ್ದು ಬಾ' ಅಂತ ಚಪ್ಪಲಿ ಸವೆಸುದ್ರು. ಚಿರ್ತೆ ಬಾಗ್ಲಿಗೆ ತಾವೇ ಓಯ್ತಾವ್ರೆ! ಮುಂದುನ್ ಜನ್ಮಕ್ಕೆ ಚುಕ್ಕೆ ಇಟ್ಕೊಂಡೇ ಉಟ್ತೀನಿ ಬುಡಿ" ಎಂದ. ನಾನು ಬಿದ್ದು ಬಿದ್ದು ನಕ್ಕೆ. ಭಾವ ನಗಲಿಲ್ಲ. ಎದ್ದು ಒಳಗೆ ಹೋದರು.

ಅವರ ಖಾತೆಗಳಲ್ಲಿ ನನ್ನದೂ ಒಂದಿದೆ. ಗಂಡು ಚಿರತೆ, ಹೆಸರು "ಬಾಮೈದ". ಮೊದಲು ಕೇಳಿದಾಗ ಹಿಗ್ಗಿದೆ. ಒಳ್ಳೇ ಮೈಕಟ್ಟಿನ ಪ್ರಾಣಿಯೇ ಇರಬೇಕು, ಡ್ರಿಲ್ ಮೇಷ್ಟ್ರ ಹೆಸರು ಅಂದಮೇಲೆ! ರಿಜಿಸ್ಟರು ಕಸಿದು ಓದಿದೆ. "ಹೊಟ್ಟೆ ದಪ್ಪ. ಬೇಟೆ ಅಪರೂಪ. ಹೆಣ್ಣು ಚಿರತೆಗಳು ಹೊಡೆದು ಮರಕ್ಕೆ ಏರಿಸಿದ್ದನ್ನು ಹೋಗಿ ತಿನ್ನುವುದು ರೂಢಿ. ತಿಂದ ಮೇಲೆ ಗುಟುರು ಹಾಕಿ ತಾನೇ ಹೊಡೆದಂತೆ ಓಡಾಡುವುದು." ಸ್ವಾಧೀನ ಬಂದ ಬಗೆ: "ಒತ್ತುವರಿ."

ನನ್ನ ಹೆಂಡತಿ ಅದನ್ನು ಎರಡು ಸಲ ಓದಿಸಿಕೊಂಡಳು. "ನಾನು ನಲವತ್ತು ವರ್ಷದಿಂದ ಹೇಳ್ತಿರೋದನ್ನ ಅಣ್ಣ ಎಷ್ಟು ಚೆನ್ನಾಗಿ ನಾಲ್ಕು ಸಾಲಲ್ಲಿ ಬರೆದವ್ರೆ!" ಎಂದಳು. ಇಂಥ ಅಣ್ಣ ಇದ್ದರೆ ಶತ್ರುಗಳು ಯಾಕೆ ಬೇಕು ಹೇಳಿ?

ಸೇಡು ತೀರಿಸಿಕೊಳ್ಳಲೆಂದೇ ಒಂದು ಗುರುವಾರ ಅವರ ಜೊತೆ ಹೋದೆ. ಬಸ್ಸು ತುಂಬ ಹುಲಿಯ ಭಕ್ತರು. ಒಂದೂವರೆ ಗಂಟೆ ಬರೀ ಜಿಂಕೆ ಕಂಡು ಅವರ ಮುಖವೆಲ್ಲ ಬಾಡಿತ್ತು. ಪಟೇಲಮ್ಮನ ಮತ್ತಿ ಮರದ ಹತ್ತಿರ ತಿರುವಿನಲ್ಲಿ ಹುಲಿ ಬಂದೇ ಬಂತು! ರಾಜಠೀವಿಯಿಂದ ದಾರಿಯ ನಡುವೆ ಕೂತಿತು. ಬಸ್ಸು ಒಂದು ಪಕ್ಕಕ್ಕೆ ವಾಲಿತು, ಮೂವತ್ತು ಫೋನು ಮೇಲೆದ್ದವು, ಒಬ್ಬಾಕೆಯ ಕಣ್ಣಲ್ಲಿ ನೀರೇ ಬಂತು. ಹಿಂದಿನ ಸೀಟಿನಿಂದ ನಮ್ಮ ಭಾವನ ದನಿ: "ರೀ ಡ್ರೈವರ್, ಒಂಚೂರು ಮುಂದಕ್ಕೆ ತಗೊಳ್ರಿ. ಹುಲಿ ಅಡ್ಡ ಬಂದ್ಬುಟ್ಟದೆ, ಮರ ಕಾಣಿಸ್ತಿಲ್ಲ."

ಇಡೀ ಬಸ್ಸು ತಿರುಗಿ ನೋಡಿತು. ಹುಲಿಯೂ ನೋಡಿತು. ನಾನು ಕಿಟಕಿಯ ಕಡೆ ಮುಖ ಮಾಡಿ, ಈ ಮನುಷ್ಯನಿಗೂ ನನಗೂ ಸಂಬಂಧ ಇಲ್ಲ ಎಂಬಂತೆ ಕೂತೆ. ಗಂಡಿನ ಕಡೆಯೂ ಅಲ್ಲ, ಹೆಣ್ಣಿನ ಕಡೆಯೂ ಅಲ್ಲ!

ಸೇಡು ಅಲ್ಲಿಗೆ ಬಿಟ್ಟೆನೇ? ಭಾವನ ಮನೆಯಿಂದ ಪಟೇಲಮ್ಮನ ಒಂದು ಫೋಟೋ ಎಗರಿಸಿಕೊಂಡು ಬಂದೆ. ನಮ್ಮ ಬೀದಿಯ ಸ್ಟುಡಿಯೋದವನಿಗೆ ಹೇಳಿ ಅದನ್ನು ಎಡ ಬಲವಾಗಿ, ಬಲ ಎಡವಾಗಿ ತಿರುಗಿಸಿ ಅಚ್ಚು ಹಾಕಿಸಿದೆ. ಅಂಚೆಯಲ್ಲಿ ಬಂದ ಹಾಗೆ ಲಕೋಟೆಗೆ ಹಾಕಿ, "ಭಾವ, ನನ್ನ ಹಳೇ ಶಿಷ್ಯ ಒಬ್ಬ ಕಳಿಸವ್ನೆ. ಹೊಸ ಚಿರತೆಯಂತೆ, ಯಾರ ಲೆಕ್ಕಕ್ಕೂ ಬಂದಿಲ್ವಂತೆ" ಎಂದು ಮುಂದಿಟ್ಟೆ. ಒಳಗೊಳಗೇ ನಗು ಕುದಿಯುತ್ತಿತ್ತು.

ಭಾವ ಕಾಫಿ ಲೋಟ ಕೂಡ ಕೆಳಗಿಡಲಿಲ್ಲ. "ಹರಿದಿರೋ ಬಲಗಿವಿ ಎಡಕ್ಕೆ ಬಂದದೆ. ಒಲೆಗುಂಡು ಬಲಗಣ್ಣಿನ ಕೆಳಗೆ ಕೂತದೆ. ನನ್ನ ಮತ್ತಿ ಮರ ಹೊಳೆಗೆ ಬೆನ್ನು ತಿರುಗಿಸಿ ನಿಂತದೆ. ಏನೋ, ಪಟೇಲಮ್ಮನ್ನ ಕನ್ನಡಿ ಮುಂದೆ ನಿಲ್ಸಿದ್ದಾ?" ಎಂದು ಒಂದು ಗುಟುಕು ಕುಡಿದು, "ಅರ್ಜಿ ವಜಾ" ಎಂದರು.

ನನ್ನ ಜೀವಮಾನದಲ್ಲಿ ಇಷ್ಟು ಬೇಗ ಸೋತ ತಮಾಷೆ ಇನ್ನೊಂದಿಲ್ಲ. ಹೆಡ್‌ಮಾಸ್ಟರ ಛತ್ರಿಯಾಣೆ, ಇವರನ್ನು ಒಮ್ಮೆಯಾದರೂ ಬೀಳಿಸದೆ ಬಿಡುವುದಿಲ್ಲ ಎಂದು ಅಂದೇ ಶಪಥ ಮಾಡಿದೆ. ಕಾಯುವುದು ನನಗೆ ಗೊತ್ತಲ್ಲ! ಕೆಲವು ವರ್ಷ ಕಾದೆ.

ಇದರ ನಡುವೆ ಕಳೆದ ಮಳೆಗಾಲದಿಂದ ಈಚೆಗೆ ಪಟೇಲಮ್ಮ ಕಾಣೆಯಾದಳು. ಮತ್ತಿ ಮರದ ಮೇಲೆ ಈಗ ಮಗಳು ಅಮ್ಮಣ್ಣಿ ಮಲಗುತ್ತಾಳೆ ಎಂದು ಗೈಡುಗಳು ಹೇಳತೊಡಗಿದರು. "ಮುದುಕಿ ಹೋಗಿರ್ಬೇಕು ಸಾರ್, ವಯಸ್ಸಾಗಿತ್ತಲ್ಲ" ಎಂದು ಒಬ್ಬ. "ನಾನೂ ಹಂಗೇ ಕೇಳ್ದೆ" ಎಂದು ಇನ್ನೊಬ್ಬ. ಖಾತೆದಾರರು ಸತ್ತರೆ ವಾರಸುದಾರರ ಹೆಸರಿಗೆ ಖಾತೆ ಬದಲಾಯಿಸುತ್ತಾರಲ್ಲ, ಪೌತಿ ಖಾತೆ ಅಂತ, ಅದನ್ನು ಮಾಡಿ ಮುಗಿಸಿದರೆ ಆಯಿತು. ಭಾವ ಮಾಡಲೊಲ್ಲರು. ವಾರ ಬಿಟ್ಟು ವಾರ ಇದ್ದದ್ದು ಪ್ರತಿವಾರವಾಯಿತು. ಹೋಗುವುದು, ಮುಖ ಬಾಡಿಸಿಕೊಂಡು ಬರುವುದು.

ನಾನು ಒಂದು ಬೆಳಿಗ್ಗೆ ಅವರ ಜಗಲಿಯಲ್ಲಿ ಕೂತು ಚುಚ್ಚಿದೆ. "ಏನ್ ಭಾವ, ಚಿರತೆ ಆಫೀಸಲ್ಲೂ ಫೈಲು ಕೂರ್ಸಕ್ಕೆ ಶುರು ಮಾಡಿದ್ರಾ? ಆ ಅಮ್ಮಣ್ಣಿ ಇನ್ನೆಷ್ಟು ಸಲ ನಾಳೆ ಬರ್ಬೇಕು?"

ಭಾವ ಕಾಫಿಯ ಕೊನೆಯ ಗುಟುಕು ಮುಗಿಸಿದರು. ಆಮೇಲೆ ನನ್ನ ಕಡೆ ನೋಡದೆ ಹೇಳಿದರು.

"ಸರ್ವೀಸಲ್ಲಿದ್ದಾಗ ಒಂದ್ಸಲ ಹಿಂಗೇ ಆಯ್ತು ಕಣೋ. ಇಬ್ರು ಮಕ್ಕಳು ಬಂದು ನಮ್ಮವ್ವ ಹೋಗ್ಬುಟ್ಲು ಅಂದ್ರು. ಊರೋರು ಇಬ್ರು ಹೂಂ ಅಂದ್ರು. ಸ್ಥಳ ತನಿಖೆಗೆ ಹೋಗ್ಬೇಕಿತ್ತು, ಬಿಸಿಲು ಅಂತ ಹೋಗ್ಲಿಲ್ಲ. ಕೂತಲ್ಲೇ ಬರೆದು ಸೈನ್ ಹಾಕ್ದೆ. ಮೂರು ತಿಂಗಳಿಗೆ ಆಯಮ್ಮ ಮಗಳ ಮನೆಯಿಂದ ನಡ್ಕೊಂಡು ಬಂದು ನನ್ನ ಮೇಜಿನ ಮುಂದೆ ನಿಂತ್ಲು. 'ಸ್ವಾಮಿ, ನಾನು ಸತ್ತೋಗಿವ್ನಿ ಅಂತ ಬರ್ದಿದೀರಂತೆ. ಒಸಿ ಮುಟ್ಟಿ ನೋಡಿ' ಅಂತ ಕೈ ನೀಡಿದ್ಲು."

"ಸರಿ ಮಾಡ್ಕೊಟ್ರಿ ತಾನೆ?"

"ಮಾಡ್ದೆ. ಮೇಲಿಂದ ಕೆಳಗೆ, ಕೆಳಗಿಂದ ಮೇಲಕ್ಕೆ ಕಾಗದ ಓಡಾಡಿ ಎರಡೂವರೆ ವರ್ಷ ಆಯ್ತು. ಆದೇಶ ಬರೋ ಹೊತ್ತಿಗೆ ಆಯಮ್ಮ ನಿಜವಾಗ್ಲೂ ಹೋಗಿದ್ಲು. ಕೊನೆ ಎರಡೂವರೆ ವರ್ಷ ಬದುಕಿದ್ರೂ ಕಾಗದದ ಮೇಲೆ ಸತ್ತೇ ಇದ್ಲು." ಭಾವ ಖಾಲಿ ಲೋಟವನ್ನು ಪಕ್ಕಕ್ಕೆ ಸರಿಸಿದರು. "ಇವಳದ್ದು ನಾನು ನೋಡ್ದೆ ಬರೆಯಲ್ಲ. ಹೆಣ ನೋಡ್ಬೇಕು, ಇಲ್ಲ ಮುಖ ನೋಡ್ಬೇಕು."

ನನಗೆ ತಮಾಷೆ ಏನೂ ಹೊಳೆಯಲಿಲ್ಲ. ಕಾಫಿ ಕುಡಿದು ಮನೆಗೆ ಬಂದೆ.

ಹೊಳೆದದ್ದು ಎರಡು ದಿನ ಬಿಟ್ಟು! ನನ್ನ ಹೆಂಡತಿ ದಸರಾ ವಸ್ತುಪ್ರದರ್ಶನದಲ್ಲಿ ಕೊಂಡ ಒಂದು ಕಂಬಳಿ ನಮ್ಮ ಸೋಫಾದ ಮೇಲೆ ಬಿದ್ದಿರುತ್ತದೆ. ಮೈತುಂಬ ಚಿರತೆಯ ಚುಕ್ಕೆ. ಅದನ್ನು ಹಿತ್ತಲ ಸೀಬೆ ಮರದ ಕೊಂಬೆಗೆ ಇಳಿಬಿಟ್ಟು, ಜಾರದಂತೆ ಬಟ್ಟೆಯ ನೀಲಿ ಕ್ಲಿಪ್ಪು ಹಾಕಿ, ಸಂಜೆ ಬಿಸಿಲಲ್ಲಿ ಫೋನಿನಿಂದ ಫೋಟೋ ತೆಗೆದೆ. ಸ್ಟುಡಿಯೋದವನು ಅಚ್ಚು ಹಾಕಿ ಕೊಡುವಾಗ, "ಮೇಷ್ಟ್ರೇ, ಮೂಲೆಯಲ್ಲಿ ಕಂಬಳಿ ಲೇಬಲ್ಲು ಕಾಣುತ್ತೆ, ತೆಗೀಲಾ?" ಎಂದ. "ಬೇಡ ಕಣಯ್ಯ, ಇರ್ಲಿ" ಎಂದೆ. ಭಾವನನ್ನು ಬೀಳಿಸುವ ಆಸೆ ಈ ಸಲ ನನಗೆ ಇರಲಿಲ್ಲ, ನಿಜ ಹೇಳುತ್ತೇನೆ. ಕ್ಲಿಪ್ಪು ನೋಡುತ್ತಾರೆ, ಲೇಬಲ್ಲು ನೋಡುತ್ತಾರೆ, ನನಗೆ ಚೆನ್ನಾಗಿ ಬೈದು ಒಮ್ಮೆ ನಗುತ್ತಾರೆ. ಪಟೇಲಮ್ಮ ಹೋದಾಗಿನಿಂದ ಆ ಮನೆಯಲ್ಲಿ ಯಾರೂ ನಕ್ಕಿರಲಿಲ್ಲ.

"ಮಂಡಕಳ್ಳಿ ಕಡೆ ಹೊಲದ ಅಂಚಲ್ಲಿ ಸಿಕ್ತಂತೆ ಭಾವ" ಎಂದು ಕೈಗಿತ್ತೆ.

ಭಾವ ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದರು. ಮೂಗಿನ ಹತ್ತಿರ ತಂದರು. ಮತ್ತೆ ದೂರ ಹಿಡಿದರು. ಕೋಳಿ ಕಾಳು ನೋಡುವ ಹಾಗೆ ಕತ್ತು ಓರೆ ಮಾಡಿ ಕಣ್ಣಂಚಿನಿಂದ ನೋಡಿದರು. ನಾನು ತುಟಿ ಕಚ್ಚಿ ಕಾಯುತ್ತಿದ್ದೆ. ಈಗ ಬೈಯುತ್ತಾರೆ, ಈಗ.

"ಹೆಣ್ಣು" ಎಂದರು ಭಾವ. "ಮೂರು ನಾಲ್ಕು ವರ್ಷ ಇರ್ಬೋದು. ಹೊಸಬಳು."

ರಿಜಿಸ್ಟರು ತೆಗೆದರು. ಬರೆಯತೊಡಗಿದರು. ಚಕ್ಕುಬಂದಿ: ಪೂರ್ವಕ್ಕೆ ವಿಮಾನ ನಿಲ್ದಾಣದ ಗೋಡೆ... ಪೆನ್ನು ಗೀಟು ಬಿಟ್ಟು ಕೆಳಗಿಳಿಯಿತು. ಮೇಲಿನ ಸಾಲಿನ ಅಕ್ಷರದ ಮೇಲೆ ಕೆಳಗಿನ ಸಾಲಿನ ಅಕ್ಷರ ಹತ್ತಿ ಕೂತಿತು. ನಾನು ಹಿಂದಿನ ಹಾಳೆ ತಿರುವಿದೆ, ಅದರ ಹಿಂದಿನದನ್ನೂ. ಮುತ್ತಿನಂಥ ಅಕ್ಷರ ಒಂದು ವರ್ಷದಿಂದ ದಾರ ಹರಿದ ಮಣಿಯಾಗಿತ್ತು. ಗೆದ್ದಿದ್ದೆ ನಾನು! ಜೀವಮಾನದ ತಮಾಷೆ ಕೈಗೆ ಬಂದಿತ್ತು! ನಗು ಮಾತ್ರ ಬರಲಿಲ್ಲ.

ಅಡುಗೆಮನೆಗೆ ಹೋದೆ. ಅಕ್ಕ ಹುಳಿಗೆ ಒಗ್ಗರಣೆ ಹಾಕುತ್ತಿದ್ದಳು.

"ಅಕ್ಕ, ಭಾವಂಗೆ ಕಣ್ಣು..."

ಅವಳು ತಿರುಗಲಿಲ್ಲ. "ಗೊತ್ತಾಯ್ತಾ? ಅಂತೂ ನಿನಗೂ ಕಣ್ಣು ಬಂತು ಬುಡು. ಒಳಗಿನ ಪರದೆ ಸವೆದದೆಯಂತೆ. ಅಂಚಲ್ಲಿ ಕಾಣುತ್ತೆ, ನಡುವೆ ನೋಡಿದ್ದು ಕಾಣಲ್ಲ. ಕನ್ನಡಕ ಬದಲಾಯಿಸಿದ್ರೂ ಅಷ್ಟೇ ಅಂದ್ರು ಡಾಕ್ಟ್ರು."

"ನನಗೊಂದು ಮಾತು ಹೇಳ್ಬಾರದಿತ್ತಾ?"

"ಹೇಳಿದ್ರೆ ಏನ್ಮಾಡ್ತಿದ್ದೆ? ಮದುವೆಮನೇಲಿ ನಿನ್ನ ಮುಖ ಕಾಣ್ಲಿಲ್ಲ ಕಣೋ ಅವರಿಗೆ. ನೀನು ಊರಿಗೆಲ್ಲ ಡಂಗುರ ಹೊಡ್ಕೊಂಡು ಬಂದೆ. ಅವರು ಮನೆಗೆ ಬಂದು ಎರಡು ದಿನ ಊಟ ಸರಿಯಾಗಿ ಮಾಡ್ಲಿಲ್ಲ." ಒಗ್ಗರಣೆಯ ಸೌಟು ಹುಳಿಗೆ ಚುರ್ ಎಂದು ಇಳಿಯಿತು. "ಮೇಲಿನ ಮನೇಲಿರೋ ಮಗಳಿಗೆ ಗೊತ್ತಾದ್ರೆ ಕಾಡಿಗೆ ಬಿಡಲ್ಲ ಅಂತ ನನ್ನ ಹತ್ರ ಆಣೆ ಹಾಕಿಸ್ಕೊಂಡವ್ರೆ. ಆ ಪಟೇಲಮ್ಮಂದು ಒಂದು ಇತ್ಯರ್ಥ ಆಗ್ಲಿ, ಆಮೇಲೆ ಮನೇಲೇ ಕೂರ್ತೀನಿ ಅಂತಾರೆ. ಪ್ರತಿವಾರ ಹೋಗ್ತಾರೆ. ಮರದ ಮೇಲೆ ಏನೋ ಇದೆ ಅಂತ ಗೊತ್ತಾಗುತ್ತಂತೆ. ತಾಯೋ ಮಗಳೋ ಗೊತ್ತಾಗಲ್ವಂತೆ. ಯಾರನ್ನೂ ಕೇಳಕ್ಕೆ ಮನಸ್ಸಿಲ್ಲ."

ನಾನು ಹೊರಗೆ ಬಂದೆ. ಭಾವ ಇನ್ನೂ ಆ ಕಂಬಳಿಯ ಖಾತೆ ಬರೆಯುತ್ತಿದ್ದರು.

"ಭಾವ, ಮುಂದಿನ ಗುರುವಾರದಿಂದ ನಾನೂ ಬರ್ತೀನಿ."

"ನೀನ್ಯಾಕೋ?"

"ನನ್ನ ಹೆಸರಿನವನ್ನ ಒಂದ್ಸಲ ಕಣ್ತುಂಬ ನೋಡ್ಬೇಕು ಅನ್ಸಿದೆ."

ಭಾವ ಪೆನ್ನಿನ ಮುಚ್ಚಳ ಹಾಕಿದರು. ನನ್ನ ಮುಖ ಇರುವ ಕಡೆಗೆ ಒಂದು ಕ್ಷಣ ತಿರುಗಿದರು. "ಬಾ. ಚಿತ್ರಾನ್ನ ಜಾಸ್ತಿ ಕಟ್ಟಕ್ಕೆ ಹೇಳ್ತೀನಿ" ಎಂದರು, ಅಷ್ಟೇ.

ಆಮೇಲೆ ನಾನು ಮಾಡಿದ ಕೆಲಸ ಕೇಳಿದರೆ ನೀವು ನಗುತ್ತೀರಿ. ಭಾವನ ಹಳೇ ಫೋಟೋಗಳನ್ನು ಅಕ್ಕನ ಕೈಯಿಂದ ಕದ್ದು ತರಿಸಿಕೊಂಡು, ಅರವತ್ತೇಳನೇ ವಯಸ್ಸಿನಲ್ಲಿ, ಪರೀಕ್ಷೆಗೆ ಕೂತ ಹುಡುಗನ ಹಾಗೆ ಚುಕ್ಕೆ ಬಾಯಿಪಾಠ ಮಾಡಿದೆ. ಅಮ್ಮಣ್ಣಿಗೆ ಎಡಗಣ್ಣಿನ ಕೆಳಗೆ ಎರಡೇ ಚುಕ್ಕೆ, ಎರಡೂ ಕಿವಿ ನೆಟ್ಟಗೆ. ಪಟೇಲಮ್ಮನಿಗೆ ಮೂರು, ಬಲಗಿವಿ ಹರಿದದ್ದು. ಹೆಂಡತಿ ಒಂದೊಂದೇ ಫೋಟೋ ಎತ್ತಿ ಹಿಡಿಯುತ್ತಿದ್ದಳು, ನಾನು ಹೆಸರು ಕೂಗುತ್ತಿದ್ದೆ. ಮೊದಲ ದಿನ ಹತ್ತಕ್ಕೆ ಎರಡು. ಹದಿನೈದು ದಿನಕ್ಕೆ ಹತ್ತಕ್ಕೆ ಹತ್ತು! ಎಲ್ಲಾ ಚಿರತೆ ಒಂದೇ ತರ ಇರ್ತವೆ ಅಂದ ಮಹಾನುಭಾವ ಯಾವನೋ ಕಾಣೆ. ಒಂದೊಂದರ ಮುಖ ಒಂದೊಂದು ತರ. ಆ "ಬಾಮೈದ" ಅಂತೂ, ಹೇಳಲು ನಾಚಿಕೆ, ನನ್ನ ಹಾಗೇ ಇದ್ದಾನೆ.

ನಾಲ್ಕು ಗುರುವಾರ ಮತ್ತಿ ಮರ ಖಾಲಿ. ಐದನೇ ಗುರುವಾರ ಬಸ್ಸು ತಿರುವಿನಲ್ಲಿ ನಿಂತಿತು. ಕೊಂಬೆಯ ಮೇಲೆ ಒಂದು ಮೈ ಚಾಚಿ ಮಲಗಿತ್ತು, ನಾಲ್ಕು ಕಾಲು ಇಳಿಬಿಟ್ಟು. ಮುಖ ಹಿನ್ನೀರಿನ ಕಡೆ.

"ಅಮ್ಮಣ್ಣಿ ಸಾರ್" ಎಂದ ಗೈಡು.

ಭಾವನ ಕೈ ನನ್ನ ಮಂಡಿಯ ಮೇಲೆ ಬಂತು.

"ಕಿವಿ?" ಎಂದರು ಮೆಲ್ಲಗೆ.

"ಎಲೆ ಅಡ್ಡ ಇದೆ ಭಾವ."

"ಕಣ್ಣ ಕೆಳಗೆ?"

"ಮುಖ ಆ ಕಡೆ ಮಾಡವ್ಳೆ."

ಅಷ್ಟರಲ್ಲಿ ದೂರದಲ್ಲಿ ಜಿಂಕೆಯೊಂದು ಕೂಗಿತು. ಡ್ರೈವರ್ ಕಿವಿ ನೆಟ್ಟಗಾಯಿತು. "ಹುಲಿ ಇರ್ಬೋದು, ಹೋಗೋಣ" ಎಂದ. ಬಸ್ಸಿನ ತುಂಬ "ಹೋಗಿ, ಹೋಗಿ!" ಗೇರು ಬಿತ್ತು. ಭಾವನ ಬೆರಳು ನನ್ನ ಮಂಡಿಯನ್ನು ಒತ್ತಿ ಹಿಡಿದವು. ಅವರು ಬೇಡಿದ್ದನ್ನು ನಾನು ಜೀವಮಾನದಲ್ಲಿ ಕಂಡಿಲ್ಲ, ಅವತ್ತೂ ಬೇಡಲಿಲ್ಲ.

"ಅಯ್ಯಯ್ಯಪ್ಪ!" ಎಂದೆ ನಾನು, ಅದುಮಿದ ದನಿಯಲ್ಲಿ. "ಕಾಲು! ಕಾಲು ಸೆಳೆದುಬುಡ್ತು! ಅಲ್ಲಾಡಿಸ್ಬೇಡ್ರಪ್ಪ, ಎರಡು ನಿಮಿಷ!" ಸೀಟಿನಲ್ಲಿ ಹಲಗೆಯ ಹಾಗೆ ಸೆಟೆದುಕೊಂಡೆ. ಕಾಲು ಸೆಳೆದವರು ಹೇಗಿರುತ್ತಾರೆ ಅಂತ ಡ್ರಿಲ್ ಮೇಷ್ಟ್ರಿಗೆ ಹೇಳಿಕೊಡಬೇಕೇ? ಎಷ್ಟು ಹುಡುಗರು ನನ್ನ ಮುಂದೆ ಸುಳ್ಳು ಸುಳ್ಳೇ ಸೆಳೆಸಿಕೊಂಡಿಲ್ಲ! ಬಸ್ಸು ನಿಂತಿತು. ಹುಲಿಯ ಭಕ್ತರು ಹಲ್ಲು ಕಡಿದರು. ಒಬ್ಬಾಕೆ ಪಾಪ ಅಂತ ನೀರಿನ ಬಾಟ್ಲಿ ಕೊಟ್ಟಳು. ನಾನು ನರಳುತ್ತ, ಒಂದು ಕಣ್ಣು ಮಾತ್ರ ಮರದ ಮೇಲೆ ಇಟ್ಟಿದ್ದೆ.

ಗಾಳಿ ಬಂತು. ಕೊಂಬೆಯ ಮೇಲಿನವಳು ಆಕಳಿಸಿ, ಬೇಸರದಿಂದ ಈ ಕಡೆ ತಲೆ ತಿರುಗಿಸಿದಳು. ಬಡವಾಗಿದ್ದಳು. ಭುಜದ ಮೂಳೆ ಎದ್ದಿತ್ತು.

"ಭಾವ" ಎಂದೆ. ನರಳುವುದು ಮರೆತೇ ಹೋಗಿತ್ತು. "ಬಲಗಿವಿ ಹರಿದದೆ. ಎಡಗಣ್ಣ ಕೆಳಗೆ ಒಂದು, ಎರಡು... ಮೂರು. ಒಲೆಗುಂಡು."

"ತಮಾಷೆ ಅಲ್ಲ ತಾನೆ?"

"ಅಲ್ಲ ಭಾವ."

"ನಿಮ್ಮ ಮನೆ ಕಂಬಳಿ ಮೇಲೆ ಆಣೆ ಮಾಡಿ ಹೇಳು."

ನಾನು ಮರ ಬಿಟ್ಟು ಭಾವನ ಕಡೆ ತಿರುಗಿದೆ.

"ಹೋದ ತಿಂಗಳು ನಿಮ್ಮ ಮನೆಗೆ ಊಟಕ್ಕೆ ಬಂದಾಗ ಸೋಫಾ ಮೇಲೆ ಒರಗಿದ್ನಲ್ಲ, ನಿನ್ನ ಹೆಂಡ್ತಿ ಹೊದಿಸಿದ್ಲು. ಮೂಗಿಗೆ ತಾಗೋವಷ್ಟು ಹತ್ರ ಬಂದ್ರೆ ಈಗ್ಲೂ ಕಾಣುತ್ತೆ ಕಣೋ ನನಗೆ" ಎಂದರು ಭಾವ. "ನಾನೇ ಖಾತೆ ಮಾಡಿಕೊಟ್ಟೋಳನ್ನ ಹೊದ್ಕೊಂಡು ಮಲಗಿದ್ದೆ! ಆದ್ರೆ ನೀನೇನೋ ಆಟ ಕಟ್ಟಿದ್ದೀಯ ಅಂತ ಫೋಟೋ ತಂದ ದಿನವೇ ಗೊತ್ತಾಗಿತ್ತು. ನೀನು ಗೆದ್ದೂ ನಗಲಿಲ್ವಲ್ಲ, ಅದಕ್ಕೆ."

"ಆಣೆ ಭಾವ" ಎಂದೆ. "ಅವಳೇ. ನಿಮ್ಮ ಕಡೆನೇ ನೋಡ್ತಾವ್ಳೆ."

ಭಾವ ಮರದ ಕಡೆ ನೋಡಲಿಲ್ಲ. ಕತ್ತು ಸ್ವಲ್ಪ ಪಕ್ಕಕ್ಕೆ ತಿರುಗಿಸಿ, ಕಣ್ಣಂಚಿನಲ್ಲಿ ಅವಳನ್ನು ಇಟ್ಟುಕೊಂಡು ಬಹಳ ಹೊತ್ತು ಕೂತರು. ಆಮೇಲೆ ರಿಜಿಸ್ಟರನ್ನು ನನ್ನ ತೊಡೆಯ ಮೇಲಿಟ್ಟರು.

"ಬರಿ. ಷರಾದಲ್ಲಿ. ಸ್ಥಳ ತನಿಖೆ ಮಾಡಲಾಗಿದೆ. ಖಾತೆದಾರರು ಜೀವಂತ."

ಬರೆದೆ. ಡ್ರಿಲ್ ಮೇಷ್ಟ್ರ ಅಕ್ಷರ, ಕಾಗೆ ಕಾಲು ಗುಬ್ಬಿ ಕಾಲು. "ಸೈನು ಯಾರ್ದು ಭಾವ?"

"ಕಂಡೋರ್ದು."

ಹಾಕಿದೆ. ಬಸ್ಸು ಹೊರಟಿತು. ಹುಲಿ ಸಿಕ್ಕಿತೋ ಇಲ್ಲವೋ ನನಗೆ ನೆನಪಿಲ್ಲ.

ಸಫಾರಿ ಮುಗಿಯುವ ಹೊತ್ತಿಗೆ ಕತ್ತಲು ಕವಿಯುತ್ತಿತ್ತು. ಬಸ್ಸಿನ ಮೆಟ್ಟಿಲು ಅವರಿಗೆ ಕಾಣುವುದಿಲ್ಲ ಎಂದು ನಾನು ಮೊದಲು ಇಳಿದು ಎದುರಿಗೆ ನಿಂತು ಕೈ ನೀಡಿದೆ. ಭಾವ ಮೆಟ್ಟಿಲ ಮೇಲೆ ನಿಂತು ನನ್ನನ್ನು ನೆತ್ತಿಯಿಂದ ಚಪ್ಪಲಿಯವರೆಗೆ ನೋಡಿದರು. ತುಟಿಯಂಚು ಅದುರುತ್ತಿತ್ತು.

"ತಾವು ಗಂಡಿನ ಕಡೆಯವರೋ, ಹೆಣ್ಣಿನ ಕಡೆಯವರೋ?"

"ಪಟೇಲಮ್ಮನ ಕಡೆಯವನು ಭಾವ" ಎಂದೆ. ಅವರು ಕೈ ಹಿಡಿದುಕೊಂಡು ಇಳಿದರು.